ನರಸಮ್ಮನ ಮಣ್ಣಿನ ಬಿಲ್ಲೆ

ಎಪ್ಪತ್ತರ ದಶಕದ ಒಂದು ಬೆಳಿಗ್ಗೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ದೇವನಹಳ್ಳಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಶಾಲೆಯ ಅಂಗಳದಿಂದ ಹಸಿಮಣ್ಣಿನ ವಾಸನೆ ಬಂತು; ನೋಡೋಣವೆಂದು ಒಳಗೆ ಹೋದೆ. ಇಂದಿಗೂ ಆ ವಾಸನೆ ಮೂಗಿಗೆ ಬಡಿದರೆ ಆ ಅಂಗಳವೇ ಕಣ್ಣಮುಂದೆ ಬರುತ್ತದೆ.

ಶಾಲೆಯ ಹೊಸ ಗೋಡೆಯನ್ನು ಸಿಂಗರಿಸಲು ಮನೆಗೊಂದರಂತೆ ಮಣ್ಣಿನ ಬಿಲ್ಲೆ ಮಾಡುತ್ತಿದ್ದರು. ಬಿಲ್ಲೆಗೆ ಅಂಗೈ ಒತ್ತಿ, ಕೆಳಗೆ ಹೆಸರು ಕೊರೆದರೆ ಕುಂಬಾರ ಮುನಿಯಪ್ಪ ಸುಟ್ಟುಕೊಡುತ್ತಿದ್ದ.

ನರಸಮ್ಮ ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಹೆಂಗಸು. ಸರದಿ ಬಂದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೆಂದ್ ಕೈ ಕಣಣ್ಣ, ಚೆನ್ನಾಗ್ ಬರಾಕಿಲ್ಲ."

"ಒತ್ತಕ್ಕಾ, ನಿನ್ ಮಗಳು ಓದೋ ಇಸ್ಕೂಲು," ಎಂದ ಮುನಿಯಪ್ಪ.

ಒತ್ತಿದಳು. ಐದು ಬೆರಳೂ ಮೂಡಿದವು, ಆದರೆ ತುದಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ನಾನು ಬಗ್ಗಿ ಮತ್ತೆ ಮತ್ತೆ ನೋಡಿದೆ.

ಬರೆಯಲು ಬಾರದ ಆಕೆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. ಅಂಚಿನಲ್ಲಿ ಅಚ್ಚುಕಟ್ಟಾಗಿ ನರಸಮ್ಮ ಎಂದು ಕೊರೆದೆ.

"ನನ್ ಹೆಸರು ಇಷ್ಟೇನಾ ಸಾಮಿ?"

"ಸುಟ್ಮೇಲೆ ಇನ್ನೂ ಚಿಕ್ಕದಾಗ್ತದೆ," ಎಂದು ಮುನಿಯಪ್ಪ ನಕ್ಕ.

ಆಕೆ ನಗಲಿಲ್ಲ. "ಹಂಗಾದ್ರೆ ದೊಡ್ಡದಾಗ್ ಬರೀರಿ. ರಸ್ತೆಯಿಂದ್ಲೇ ಕಾಣ್ಬೇಕು."

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ನಾನು ಬೆರಳಿಗೆ ನೀರು ಮುಟ್ಟಿಸಿಕೊಂಡು ಬಿಲ್ಲೆಯ ಮೇಲಿನ ಅಕ್ಷರಗಳನ್ನು ಅಳಿಸುತ್ತಿದ್ದೆ. ಬಸ್ಸು ಹೊರಟುಹೋಯಿತು.

ಮೊದಲ ಅಕ್ಷರ ಎಷ್ಟು ದೊಡ್ಡದಿರಬೇಕೆಂದು ಕೇಳಲು ನೆಲದ ಮೇಲೆ 'ನ' ಬರೆದು ತೋರಿಸಿದೆ. ನರಸಮ್ಮ ಕುಕ್ಕರುಗಾಲಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದಳು.

"ಇದೊಂದ್ನ ನಾನೇ ಬರೀತೀನಿ," ಎಂದು ಕಡ್ಡಿ ತೆಗೆದುಕೊಂಡಳು.