ಗೋಡೆ ಕೊಟ್ಟ ಚೆಂಡುಹೂವು

ದೆವ್ವ ಭೂತ ಎಂದರೆ ನಗುತ್ತಿದ್ದವಳು ನಾನು. ಧಾರವಾಡದಲ್ಲಿ ನಮ್ಮಪ್ಪ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ಮನೆಗೆ ಬಂದವರು ಯಾರಾದರೂ ಹುಣಸೆಮರ, ಬಿಳಿ ಸೀರೆ ಎಂದು ಶುರು ಮಾಡಿದರೆ, "ನೋಡಿದವರ ಹೆಸರು, ವಿಳಾಸ ಕೊಡ್ರಿ, ನಾನೇ ಹೋಗಿ ಕೇಳ್ತೀನಿ" ಎನ್ನುತ್ತಿದ್ದರು. ವಿಳಾಸ ಯಾರೂ ಕೊಡುತ್ತಿರಲಿಲ್ಲ. ಆ ಮನೆಯಲ್ಲಿ ಬೆಳೆದವಳು ಇಂಥದ್ದನ್ನು ಬರೆಯಲು ಕೂತಿದ್ದೇನೆಂದರೆ ಅಪ್ಪ ಏನೆನ್ನುತ್ತಿದ್ದರೋ. ನೀವೂ ನಗಬಹುದು, ನನಗೆ ಬೇಸರವಿಲ್ಲ. ಪೂರ್ತಿ ಓದಿ ಆಮೇಲೆ ನಗಿ, ಅಷ್ಟೇ ನನ್ನ ಕೋರಿಕೆ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನಾವು ಆಗ ಹ್ಯೂಸ್ಟನ್‌ನಲ್ಲಿದ್ದೆವು. ನಾನು ಫಿಸಿಯೋಥೆರಪಿಸ್ಟ್. ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳನ್ನು ಅವರವರ ಮನೆಗೇ ಹೋಗಿ ಎಬ್ಬಿಸಿ ನಡೆಸುವ ಕೆಲಸ. ನನ್ನ ಪಾಲಿಗೆ ಬಂದದ್ದು ಊರಿನ ಪೂರ್ವ ಭಾಗ. ಅಲ್ಲಿ ಹತ್ತರಲ್ಲಿ ಎಂಟು ಮನೆಗಳಲ್ಲಿ ಸ್ಪ್ಯಾನಿಷ್. ಫೋನಿನಲ್ಲಿ ದುಭಾಷಿಗಳು ಸಿಗುತ್ತಿದ್ದರು, ಆದರೆ ನೋವಿನಿಂದ ಒದ್ದಾಡುವವರನ್ನು ಸೊಂಟಕ್ಕೆ ಕೈಕೊಟ್ಟು ನಿಲ್ಲಿಸಿಕೊಂಡು ಇನ್ನೊಂದು ಕೈಯಲ್ಲಿ ಫೋನ್ ಹಿಡಿಯುವುದು ಹೇಗೆ? ಪುಸ್ತಕ ತಂದೆ, ತಲೆಗೆ ಹತ್ತಲಿಲ್ಲ.

ನಮ್ಮ ಆಫೀಸಿನ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದ ರೋಸಾ ಎಂಬ ಹೆಂಗಸು ನನ್ನ ಪಾಡು ನೋಡಿ ಕನಿಕರಪಟ್ಟು, ಪುಸ್ತಕ ಮುಚ್ಚು, ನನ್ನ ಜೊತೆ ಬಾ ಎಂದಳು. ಆ ಭಾಗದಲ್ಲಿ ಗೋಡೆಗಳಿಗೆಲ್ಲ ಚಿತ್ರ. ಟೈರ್ ಅಂಗಡಿ, ರೊಟ್ಟಿ ಅಂಗಡಿ, ರೈಲ್ವೆ ಸೇತುವೆಯ ಕೆಳಗೆ, ಎಲ್ಲೆಲ್ಲೂ ಆಳೆತ್ತರದ ಮುಖಗಳು, ಹದ್ದುಗಳು, ಜೋಳದ ತೆನೆಗಳು, ಅವುಗಳ ಪಕ್ಕ ದೊಡ್ಡಕ್ಷರದ ಮಾತುಗಳು. ವಾರಕ್ಕೊಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಒಂದೊಂದು ಗೋಡೆಯ ಮುಂದೆ ನಿಲ್ಲಿಸಿ, ಗಟ್ಟಿಯಾಗಿ ಓದು ಎನ್ನುವಳು. ದಾರಿಯಲ್ಲಿ ಹೋಗುವವರು ನಿಂತು ನನ್ನ ಉಚ್ಚಾರ ತಿದ್ದುತ್ತಿದ್ದರು. ಹೀಗೆ ನಾನು ಬೇರು ಎಂಬ ಪದವನ್ನು ಒಂದು ಔಷಧಿ ಅಂಗಡಿಯ ಗೋಡೆಯಲ್ಲಿ, ಅಜ್ಜಿ ಎಂಬುದನ್ನು ಗ್ಯಾರೇಜಿನ ಗೋಡೆಯಲ್ಲಿ ಕಲಿತೆ. ಗೋಡೆಯಲ್ಲಿ ಕಲಿತದ್ದು ಮರೆಯಲಿಲ್ಲ.

ಆಗ ನನ್ನ ನಿದ್ದೆಗೆಡಿಸಿದ್ದವರು ಕಾರ್ಮೆನ್ ಎಂಬ ಅಜ್ಜಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮೂಳೆ ಕೂಡಿತ್ತು, ಆದರೆ ಅಜ್ಜಿ ಕುರ್ಚಿ ಬಿಟ್ಟು ಏಳಲೊಲ್ಲರು. ಅವರು ಆಸ್ಪತ್ರೆಯಲ್ಲಿದ್ದಾಗಲೇ ಮಗ ತೀರಿಹೋಗಿದ್ದನಂತೆ. ಆಮೇಲೆ ಅವನ ಒಂದು ಫೋಟೋ ಸಹ ಹೊರಗಿಡಗೊಡಲಿಲ್ಲ. ಜೊತೆಗಿದ್ದ ಮಗಳು ಎರಡು ಕಡೆ ದುಡಿಯುವವಳು, ದಿನವಿಡೀ ಎತ್ತಿ ಕೂರಿಸುವುದು ಅವಳಿಂದಾಗದು. ಆ ವಾರ ನಡೆಯದಿದ್ದರೆ ಇನ್ಷೂರೆನ್ಸಿನವರು ನನ್ನ ಭೇಟಿ ನಿಲ್ಲಿಸುತ್ತಾರೆ, ಅಜ್ಜಿ ವೃದ್ಧರ ನರ್ಸಿಂಗ್ ಹೋಮಿಗೆ. ಅಲ್ಲಿಗೆ ಹೋದ ಇಂಥವರು ಮನೆಗೆ ವಾಪಸಾದದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅವರ ಮುಖ ನೋಡಿ ಅವರದೇ ಮಾತಿನಲ್ಲಿ ನಾನೇ ಹೇಳಬೇಕು ಅನ್ನಿಸಿತ್ತು.

ಆ ವಾರದ ಕೊನೆಯ ಭೇಟಿಯ ದಿನ ಮಧ್ಯಾಹ್ನ ರೋಸಾ ಹೊಸದೊಂದು ಗೋಡೆಗೆ ಕರೆದುಕೊಂಡು ಹೋದಳು. ನವೆಂಬರ್ ಮೊದಲ ವಾರ, ಅವರ ಕಡೆ ಸತ್ತವರನ್ನು ನೆನೆಯುವ ಹಬ್ಬ. ಓಣಿಯಲ್ಲಿ ತೀರಿಕೊಂಡವರ ಇಪ್ಪತ್ತು ಮುಖಗಳನ್ನು ಬರೆದಿದ್ದರು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೇಣದಬತ್ತಿ, ಹಣ್ಣು, ಬ್ರೆಡ್ಡು, ಮತ್ತು ರಾಶಿ ರಾಶಿ ಚೆಂಡುಹೂವು; ಒಂದೊಂದು ಮುಖದ ಸುತ್ತಲೂ ಅದರದೇ ಮಾಲೆ. ದೀಪಾವಳಿಯ ದಿನ ಧಾರವಾಡದ ಮಾರ್ಕೆಟ್ಟಿನಲ್ಲಿ ನಿಂತ ಹಾಗೆ ಅದೇ ವಾಸನೆ. ನನಗೆ ಕಣ್ಣು ತುಂಬಿ ಬಂತು. ರೋಸಾ ನನಗೆ ಬೇಕಾದ ವಾಕ್ಯ ಹೇಳಿಕೊಟ್ಟಳು: "ಓಯ್ ಎಸ್ ಮಿ ಊಲ್ತಿಮೊ ದೀಆ." ಇವತ್ತು ನನ್ನ ಕೊನೆಯ ದಿನ, ಅಂದರೆ ನಾಳೆಯಿಂದ ನಾನು ಬರುವುದಿಲ್ಲ ಅಂತ. ಹೇಳಿಕೊಟ್ಟು ಯಾರದೋ ಫೋನ್ ಬಂತೆಂದು ಆಚೆ ಹೋದಳು.

ಒಬ್ಬಳೇ ನಿಂತಿದ್ದೆ. ಎದುರಿಗಿದ್ದದ್ದು ನೀಲಿ ಟೋಪಿಯ ಒಬ್ಬ ಗಂಡಸಿನ ಮುಖ. ಅವನಾರೋ ನನಗೆ ಗೊತ್ತಿಲ್ಲ. ಆದರೂ ಹೂವು, ದೀಪ ಕಂಡರೆ ಕೈ ತಾನಾಗಿ ಮುಗಿಯುವುದು ನಮ್ಮ ರೂಢಿಯಲ್ಲವೇ? ಕಣ್ಣು ಮುಚ್ಚಿ, ಹೇಗಾದರೂ ಮಾಡಿ ಆ ಅಜ್ಜಿಯನ್ನು ಎಬ್ಬಿಸಪ್ಪಾ ಎಂದೆ. ಕಣ್ಣು ತೆರೆಯುವಷ್ಟರಲ್ಲಿ ಚಿತ್ರದ ಬಲಗಡೆಯಿಂದ ಒಂದು ಚೆಂಡುಹೂವು ಕಳಚಿ ನನ್ನ ಕಾಲ ಬಳಿ ಬಿತ್ತು. ಬಲಗಡೆಯ ಹೂವು ಬಿದ್ದರೆ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ. ಪ್ರಸಾದವಾಯಿತು! ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದುಕೊಂಡೆ. ರೋಸಾಗೆ ಹೇಳುವ ಯೋಚನೆಯೂ ಬರಲಿಲ್ಲ.

ಅಲ್ಲಿಂದ ಅಜ್ಜಿಯ ಮನೆಗೆ ಹತ್ತು ನಿಮಿಷದ ಡ್ರೈವ್. ಕಾರು ಹೊರಟಿದ್ದೇ ತಡ, ಪಕ್ಕದ ಸೀಟಿನ ಬೆಲ್ಟಿನ ಬೆಲ್ಲು ಟಿಂಗ್ ಟಿಂಗ್ ಎನ್ನತೊಡಗಿತು. ಸೀಟಿನ ಮೇಲಿನ ಊಟದ ಚೀಲದ ಭಾರಕ್ಕಿರಬೇಕೆಂದು ಅದನ್ನು ಕೆಳಗಿಟ್ಟೆ. ನಿಲ್ಲಲಿಲ್ಲ. ನನಗೆ ಅದಕ್ಕಿಂತ ನನ್ನ ವಾಕ್ಯದ ಚಿಂತೆ. ಓಯ್ ಎಸ್ ಮಿ ಊಲ್ತಿಮೊ ದೀಆ, ಓಯ್ ಎಸ್ ಮಿ ಊಲ್ತಿಮೊ ದೀಆ ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡೆ. ಕೆಂಪು ಸಿಗ್ನಲ್ಲಿನಲ್ಲಿ ನಾಲಿಗೆ ತೊಡರಿ, ಥೂ ನನ್ನ ಹಣೇಬರಹವೇ ಎಂದು ಎರಡು ಸಲ ಹಣೆ ಬಡಿದುಕೊಂಡೆ.

ಮಗಳು ಬಾಗಿಲು ತೆಗೆದಳು. ಅಜ್ಜಿ ಎಂದಿನಂತೆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಒಳಗೆ ಕಾಲಿಟ್ಟೆ. ಅಜ್ಜಿ ತಲೆಯೆತ್ತಿದರು. ನನ್ನನ್ನಲ್ಲ, ನನ್ನ ಹೆಗಲಿನಾಚೆ ಬಾಗಿಲನ್ನು ನೋಡಿದರು. ಎದುರಿಗಿದ್ದ ವಾಕರ್ ಹಿಡಿದು, ಯಾರ ಕೈಯನ್ನೂ ಕೇಳದೆ ಎದ್ದು ನಿಂತರು. ಓಡಿಹೋಗಿ ಸೊಂಟ ಹಿಡಿದೆ. ಅಜ್ಜಿ ನಡೆದರು. ಹಾಳು ಕಸುಬಿನ ಅಭ್ಯಾಸ, ಹೆಜ್ಜೆ ಎಣಿಸುತ್ತಲೇ ಇದ್ದೆ: ಹದಿನಾಲ್ಕು. ಬಾಗಿಲ ಬಳಿ ನಿಂತು, ಏನೂ ಇಲ್ಲದ ಜಾಗದ ಕಡೆ ಕೈ ಚಾಚಿ, "ಪಾಸಾಲೆ, ಬೆತೊ" ಎಂದರು. ಒಳಗೆ ಬಾ ಎಂಬ ಆ ಮಾತು ನನಗೆ ಅಷ್ಟರಲ್ಲಿ ಗೊತ್ತಿತ್ತು. ಬೆತೊ ಯಾರೆಂದು ಗೊತ್ತಿರಲಿಲ್ಲ.

ಆಮೇಲೆ ಅಜ್ಜಿ ಮೆಲ್ಲಗೆ ಬಹಳ ಹೊತ್ತು ಏನೋ ಹೇಳಿದರು. ಏನಂತೆ ಎಂದು ಮಗಳನ್ನು ಕೇಳಿದೆ. ಅವಳು ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದಳು:

"ಬೆತೊ ನಮ್ಮಣ್ಣ. ನಿಮ್ಮ ಪಕ್ಕದಲ್ಲಿ ಕೂತು ಬಂದನಂತೆ. ನೀವು ದಾರಿಯುದ್ದಕ್ಕೂ 'ಇವತ್ತು ನನ್ನ ಕೊನೆಯ ದಿನ' ಅಂತ ಹೇಳ್ಕೊಳ್ತಿದ್ದಿರಂತೆ, ಸಿಗ್ನಲ್‌ನಲ್ಲಿ ಹಣೆ ಹಣೆ ಬಡಕೊಂಡಿರಂತೆ. ಆ ಮಾತು ಆಡಬೇಡಿ ಅಂತಿದ್ದಾಳೆ ಅಮ್ಮ. ಇವತ್ತು ಯಾರ ಕೊನೆಯ ದಿನಾನೂ ಅಲ್ಲವಂತೆ."

ಆ ವಾಕ್ಯವನ್ನು ನಾನು ಅಲ್ಲಿ ಇನ್ನೂ ಆಡಿರಲಿಲ್ಲ. ಕಾರಿನ ಗಾಜು ಏರಿಸಿದ್ದೆ. ರೋಸಾ ಫೋನ್ ಮಾಡಿ ಹೇಳಿದಳೋ ಎಂದರೆ ಅವಳಿಗೆ ಇವರ ಪರಿಚಯವಿಲ್ಲ, ಹಣೆ ಬಡಿದುಕೊಂಡದ್ದಂತೂ ಯಾರಿಗೂ ಗೊತ್ತಿಲ್ಲ. ವರಾಂಡಕ್ಕೆ ಬಂದು ರೋಸಾಗೆ ಫೋನ್ ಮಾಡಿದೆ. ಹೂವಿನ ವಿಷಯ ಬಂದದ್ದೇ ಅವಳು ನನ್ನ ಮಾತು ತಡೆದು ಹೇಳಿದಳು:

"ಅದು ನಿಮ್ಮ ದೇವಸ್ಥಾನದ ಹೂವಲ್ಲ. ಸತ್ತವರಿಗೆ ದಾರಿ ತೋರಿಸೋ ಹೂವು. ಅದು ಎಲ್ಲಿ ಹೋಗುತ್ತೋ ಅವರೂ ಅಲ್ಲಿಗೆ ಹೋಗ್ತಾರೆ. ಹೊತ್ತು ಮುಳುಗೋದರೊಳಗೆ ವಾಪಸ್ ಇಡು."

ಮನೆಯಲ್ಲಿ ನನ್ನ ನಾಲ್ಕು ವರ್ಷದ ಮಗಳಿದ್ದಳು. ಆ ಹೂವು ಮುಡಿದು ಮನೆಗೆ ಹೋಗುವ ಮಾತೇ ಇಲ್ಲ. ಆದರೆ ಒಯ್ದುಬಿಟ್ಟರೆ, ಎದ್ದ ಅಜ್ಜಿ ಮತ್ತೆ ಕೂತುಬಿಟ್ಟರೆ? ಏನು ಮಾಡಲೂ ತೋಚದೆ ಒಳಗೆ ಹೋಗಿ ಹೂವು ತೆಗೆದು ಅವರ ಮುಂದೆ ಹಿಡಿದೆ. ಅಜ್ಜಿ ಅದನ್ನು ಮೂಸಿದರು, ಕೆನ್ನೆಗೆ ಒತ್ತಿಕೊಂಡರು, ಅತ್ತರು. ನಾನೂ ಅತ್ತೆ, ಮಗಳೂ ಅತ್ತಳು. ಓಣಿಯ ಗೋಡೆಗೆ ಅಣ್ಣನ ಫೋಟೋ ಕೊಟ್ಟವಳು ತಾನೇ, ತಾಯಿಗೆ ಹೇಳಿರಲಿಲ್ಲ ಎಂದಳು. ಕೊನೆಗೆ ಅಜ್ಜಿ ಹೂವನ್ನು ನನ್ನ ಕೈಗೇ ಕೊಟ್ಟು, "ಅವನಿಗೆ ಬೆಲ್ಟ್ ಹಾಕು, ಅವನಾಗಿ ಹಾಕ್ಕೊಳ್ಳಲ್ಲ" ಎಂದರಂತೆ. ಬೆಲ್ಲಿನ ಸಂಗತಿ ನಾನು ಅವರಿಗೆ ಹೇಳಿರಲಿಲ್ಲ.

ವಾಪಸ್ ಹೋಗುವಾಗ ಹೂವನ್ನು ಪಕ್ಕದ ಸೀಟಿನಲ್ಲಿಟ್ಟೆ. ಟಿಂಗ್ ಟಿಂಗ್ ಶುರುವಾಯಿತು. ಒಂದು ಹೂವಿನ ಭಾರವೆಷ್ಟು, ನೀವೇ ಹೇಳಿ. ಬೆಲ್ಟ್ ಎಳೆದು ಸಿಕ್ಕಿಸಿದೆ. ಬೆಲ್ಲು ನಿಂತಿತು. ಆ ಹತ್ತು ನಿಮಿಷ ನಾನು ಪಕ್ಕಕ್ಕೆ ತಿರುಗಲಿಲ್ಲ. ಗೋಡೆಯ ಹತ್ತಿರ ಇನ್ನೂ ಬಿಸಿಲಿತ್ತು. ನೀಲಿ ಟೋಪಿಯ ಮುಖದ ಕೆಳಗೆ ಬರೆದ ಹೆಸರನ್ನು ಆಗ ಓದಿದೆ: ಬೆತೊ. ಹೂವನ್ನು ಅಲ್ಲಿಟ್ಟೆ. ಕಲಿತ ಸ್ಪ್ಯಾನಿಷ್ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಗಾಬರಿಯಲ್ಲಿ ಕನ್ನಡದಲ್ಲೇ, "ಹೋಗಿ ಬಾರಪ್ಪಾ" ಎಂದು ಕೈಮುಗಿದು ತಿರುಗಿ ನೋಡದೆ ಬಂದುಬಿಟ್ಟೆ.

ಹದಿನಾಲ್ಕು ಹೆಜ್ಜೆ ಎಂದು ರಿಪೋರ್ಟ್ ಬರೆದೆ, ನನ್ನ ಭೇಟಿಗಳು ಮುಂದುವರಿದವು. ಅಜ್ಜಿ ಮತ್ತೆ ಕೂರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ತಾವೇ ಹೋಗಿ ಅಂಚೆ ಡಬ್ಬಿ ತೆಗೆಯುತ್ತಿದ್ದರು. ಅಂದಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ನನ್ನ ಗಂಡ ಎಂಜಿನಿಯರ್. ಎಲ್ಲ ಕೇಳಿ, "ಸೆನ್ಸರ್ ಕೆಟ್ಟಿರಬೇಕು, ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಎಂದರು. ಸೆನ್ಸರ್ ಕೆಟ್ಟಿತ್ತು ಅನ್ನಿ. ನಾನು ಹಣೆ ಬಡಿದುಕೊಂಡದ್ದನ್ನು ಅಜ್ಜಿಗೆ ಸೆನ್ಸರ್ ಹೇಳಿತೇ?

ಮರುವರ್ಷ ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದೆವು. ಹೊಸ ಕಾರು ಕೊಂಡೆವು. ನವೆಂಬರ್ ಮೊದಲ ವಾರ ಕೆಲಸ ಮುಗಿಸಿ ಬರುತ್ತಿದ್ದೆ. ಪಕ್ಕದ ಸೀಟು ಖಾಲಿ, ಚೀಲವೂ ಇರಲಿಲ್ಲ. ಬೆಲ್ಲು ಹೊಡೆಯತೊಡಗಿತು. ಹೋಗುವವರಿಗೆ ಬರಿದೇ ಹೋಗು ಎನ್ನಬಾರದು, ಹೋಗಿ ಬಾ ಎನ್ನಬೇಕೆಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಕಾರನ್ನು ಬದಿಗೆ ನಿಲ್ಲಿಸಿ, ಆ ಸೀಟಿಗೆ ಬೆಲ್ಟ್ ಹಾಕಿದೆ. ಇನ್ನೇನು ಮಾಡಲಿ? ಬಾ ಅಂದವಳು ನಾನೇ.