ಚಿದಾನಂದ ಕಂಡಕ್ಟರರು ಬಿಟ್ಟ ಮಾತು

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಮಾತು ಜೋಡಿಸಿ ಬರೆಯುವ ರೂಢಿಯೂ ಇಲ್ಲ, ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದಬೇಕು.

ತೇರದಾಳದಿಂದ ರಬಕವಿ, ಬನಹಟ್ಟಿ ಹಾದು ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಚಿದಾನಂದ ಎಂಬ ಕಂಡಕ್ಟರರಿದ್ದರು. ಬಸ್ ಹೊರಡಿಸಲು ಎಲ್ಲ ಕಂಡಕ್ಟರರೂ ‘ರೈಟ್’ ಅನ್ನುತ್ತಾರೆ. ಚಿದಾನಂದರ ಬಾಯಲ್ಲಿ ಮಾತ್ರ ಆ ಮಾತು ಸಂಜೆ ಬಸ್ಸಿನಿಂದ ಇಳಿದು ಅವರ ಜೊತೆ ಮನೆಗೂ ಹೋಗುತ್ತಿತ್ತು. ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಮಧುಮತಿ ಕೇಳಿದರೆ ‘ರೈಟ್’. ಮಗಳು ವೈಶಾಲಿಗೆ ಮುಧೋಳದ ವರ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ‘ರೈಟ್’. ಕುಡಿದು ಬಂದು ಹೆಣ್ಣುಮಕ್ಕಳ ಸೀಟಿನಲ್ಲಿ ಕುಳಿತವನಿಗೆ, “ಏಳ್ತಿಯೋ, ರೈಟ್ ಮಾಡ್ಲೋ?”

ಹೆಂಡತಿಯ ಅಪ್ಪ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರು ಮೊದಲ ಹೆಜ್ಜೆ ಯಾರು ಇಡಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರಂತೆ. ಹಿಂದಿನ ಮೂಲೆ ಹೊತ್ತಿದ್ದ ಚಿದಾನಂದರ ಬಾಯಿಂದ ತಾನಾಗಿಯೇ ‘ರೈಟ್’ ಎಂದು ಬಂದುಬಿಟ್ಟಿತು. ಹೆಣ ಹೊರಟಿತು. ಅಳುತ್ತಿದ್ದವರಲ್ಲಿ ಇಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. “ನಮ್ಮಪ್ಪನ್ನ ಬಸ್ ಬಿಟ್ಟಂಗ ಬಿಟ್ರಿ” ಎಂದು ಮಧುಮತಿ ಇಂದಿಗೂ ಚುಚ್ಚುತ್ತಾರೆ.

ಅದೇ ಬಸ್ಸಿಗೆ ತೇರದಾಳ ದಾಟಿದ ಮೇಲೆ ಒಂದು ತೋಟದ ಸ್ಟಾಪಿನಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗಿ ಹತ್ತುತ್ತಿದ್ದಳು. ಆ ಹುಡುಗಿ ನಾನೇ. ಆದರೆ ಇದು ಅವರ ಕತೆ, ಅದಕ್ಕೆ ಹುಡುಗಿ ಎಂದೇ ಬರೆಯುತ್ತೇನೆ.

ಒಂದು ದಿನ ಅವಳ ಕೈಯಲ್ಲಿ ಇಂಗ್ಲಿಷ್ ನಿಘಂಟು ಕಂಡು ಚಿದಾನಂದರು ಕೇಳಿದರು: “ಅವ್ವಿ, ಅದರಾಗ ರೈಟ್ ಅಂದ್ರ ಏನಂತ ಬರದಾರ, ನೋಡಿ ಹೇಳ.”

ಹುಡುಗಿ ಪುಟ ತಿರುವಿ, ತಲೆ ಎತ್ತದೆ ಓದಿದಳು. “ಸರಿ. ಬಲಗಡೆ. ಹಕ್ಕು. ನ್ಯಾಯ. ನೆಟ್ಟಗ ಅಂತನೂ ಐತ್ರಿ.”

“ನಡಿ ಅಂತ?”

“ಇಲ್ರಿ.”

“ಹಂಗಾರ ಅದನ್ನ ಬರದಾಂವ ನಮ್ಮ ಬಸ್ ಹತ್ತಿಲ್ಲ ಬಿಡ!”

ಮುಂದಿನಿಂದ ಡ್ರೈವರ್ ಸೋಮಲಿಂಗ ಕೂಗಿದ: “ಹಕ್ಕು ಅಂತನೂ ಐತೇನ? ಹಂಗಾರ ರಜಾ ಕೇಳೂಮುಂದ ಸಾಹೇಬರ ಮುಂದ ನಿಂತು ರೈಟ್ ಅಂದ್ಬಿಡೂಣು, ಕಾಕಾ.” ಬಸ್ಸೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ಅವಳು ನಕ್ಕದ್ದನ್ನು ಚಿದಾನಂದರು ನೋಡಿದ್ದು ಅದೇ ಮೊದಲು.

ಆ ವರ್ಷ ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ದಿನ ಬಸ್ಸಿನ ಗಾಲಿ ಪಂಕ್ಚರ್ ಆಗಿ ಹೊರಡುವುದು ತಡವಾಗಿತ್ತು. ಜನ ಬಾಗಿಲಿಗೆ ಜೋತುಬಿದ್ದಿದ್ದರು. ತೋಟದ ಸ್ಟಾಪಿನಲ್ಲಿ ಯಾರೋ ಇಳಿದರು. ಚಿದಾನಂದರು ಹಿಂದಿನ ಗಾಜಿನಲ್ಲಿ ನೋಡಿದರು. ಕಬ್ಬಿನ ನಡುವಿನ ದಾರಿಯಲ್ಲಿ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಳು. ಸ್ವಲ್ಪ ನಿಂತಿದ್ದರೆ ಸಾಕಿತ್ತು. ಆದರೆ ಒಳಗೆ ಜನ ಬೈಯುತ್ತಿದ್ದರು. ಹಿಂದೆಯೇ ಇನ್ನೊಂದು ಬಸ್ ಬರುತ್ತಿದೆ, ಅದರಲ್ಲಿ ಅವಳಿಗೆ ಕೂಡಲು ಜಾಗವೂ ಸಿಕ್ಕೀತು ಎಂದು ಚಿದಾನಂದರು ಅಂದುಕೊಂಡರು.

“ಮಲಗೀರೇನ್ರೀ ಕಾಕಾ?” ಎಂದ ಸೋಮಲಿಂಗ.

“ರೈಟ್” ಅಂದರು ಚಿದಾನಂದರು.

ಮಧ್ಯಾಹ್ನ ಜಮಖಂಡಿ ಸ್ಟ್ಯಾಂಡಿನಲ್ಲಿ ಆ ಹಿಂದಿನ ಬಸ್ಸಿನ ಕಂಡಕ್ಟರ್ ಚಹಾ ಕುಡಿಯುತ್ತ, “ತೋಟದ ಸ್ಟಾಪಿನ್ಯಾಗ ಒಂದ ಹುಡುಗಿ ಕೈ ಮಾಡಾಕತ್ತಿತ್ತು. ಕಾಲಿಡಾಕ ಜಾಗ ಇರಲಿಲ್ಲ, ಎಲ್ಲಿ ನಿಲ್ಸೂದು?” ಅಂದ. ಚಿದಾನಂದರ ಕೈಯಲ್ಲಿದ್ದ ಚಹಾ ಹಾಗೆಯೇ ಆರಿತು.

ಆಮೇಲೆ ಹುಡುಗಿ ಆ ಸ್ಟಾಪಿನಲ್ಲಿ ಕಾಣಲಿಲ್ಲ. ಶಾಲೆ ಬಿಟ್ಟಳಂತೆ ಎಂದು ಯಾರೋ ಹೇಳಿದರು. ಅಂದಿನಿಂದ ಚಿದಾನಂದರಿಗೆ ಆ ಮಾತು ಬಾಯಿಗೆ ಬರಲಿಲ್ಲ. ‘ಹೋಗೂಣು’ ಅನ್ನುತ್ತಿದ್ದರು, ‘ನಡೀಲಿ’ ಅನ್ನುತ್ತಿದ್ದರು, ಒಮ್ಮೊಮ್ಮೆ ‘ಆತು ಬಿಡಪಾ’.

ಸೋಮಲಿಂಗನಿಗೆ ಇದು ಹಿಡಿಸಲಿಲ್ಲ. “ಹೋಗೂಣು ಅಂದ್ರ ಪ್ಯಾಸೆಂಜರು ತಮ್ಮತಮ್ಮೊಳಗ ಮಾತಾಡಿದಂಗ ಕೇಳತೈತಿ. ನನ್ನ ಕಾಲಿಗೆ ಒಂದ ಮಾತು ರೂಢಿ ಐತಿ, ಕಾಕಾ. ಏನಾಗೇತಿ ನಿಮಗ?”

“ಏನಿಲ್ಲಪಾ, ನಡೀಲಿ.”

ಕೊನೆಗೆ ಒಂದು ಸೀಟಿ ತಂದುಕೊಂಡರು. ಊದುವ ಮುಂಚೆ ಬಾಗಿಲಿನಿಂದ ಬಗ್ಗಿ ಹಿಂದಿನ ದಾರಿ ನೋಡುವುದು, ಮತ್ತೊಮ್ಮೆ ನೋಡುವುದು. ಬಸ್ ದಿನಾ ತಡವಾಗುತ್ತಿತ್ತು. ಮೇಲಿನವರು ಕರೆದು ಗದರಿದರು. ಮನೆಯಲ್ಲಿ ಉಪ್ಪಿನ ಮಾತು ಬಂದರೂ ‘ಹೂಂ’ ಅಷ್ಟೇ. ಹೀಗೆಯೇ ಹೋದ ವರ್ಷ ನಿವೃತ್ತಿಯಾದರು.

ಅಷ್ಟರಲ್ಲಿ ಹುಡುಗಿಯ ಮನೆಯವರು ಮಗ್ಗದ ಕೆಲಸಕ್ಕೆಂದು ತೋಟ ಬಿಟ್ಟು ರಬಕವಿಗೆ ಬಂದಿದ್ದರು, ಚಿದಾನಂದರ ಓಣಿಗೇ. ಹುಡುಗಿ ಬಾಗಿಲಲ್ಲಿ ಕುಳಿತು ಮಗ್ಗಕ್ಕೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಾಳೆ. ಚಿದಾನಂದರು ಹಾಲಿಗೆ ಹೋಗುವಾಗ ಅಲ್ಲಿ ನಿಲ್ಲುತ್ತಾರೆ. ಏನೋ ಕೇಳಲು ಬಾಯಿ ತೆರೆಯುತ್ತಾರೆ. ಬರುವುದು ಮಾತ್ರ, “ನಾಷ್ಟಾ ಆತೇನ ಅವ್ವಿ?” ಹುಡುಗಿ ತಲೆ ಆಡಿಸುತ್ತಾಳೆ. ಅವರು ಹಾಲಿನ ಚೆರಿಗೆ ಹಿಡಿದು ಮುಂದೆ ಹೋಗುತ್ತಾರೆ.

ಅವರು ಕೇಳಬೇಕಾದದ್ದು ಒಂದೇ: ಆ ಬಸ್ಸಿನಿಂದಲೇ ಇವಳ ಓದು ನಿಂತಿತೇ? ತಡೆಯಲಾರದೆ ಮಧುಮತಿಯೇ ಹುಡುಗಿಯ ತಾಯಿ ಶಿವವ್ವನನ್ನು ಕೇಳಿದರು.

“ಅಯ್ಯ ಅಕ್ಕಾ, ಅದನ್ಯಾಕ ಅವರು ಮನಸಿಗೆ ಹಚ್ಕೋತಾರ?” ಎಂದಳು ಶಿವವ್ವ. “ತಪ್ಪಿದವರಿಗೆ ಎರಡನೇ ಪರೀಕ್ಷಾ ಇತ್ತಲ್ಲ, ಸಾಲಿಯವರು ಮನಿತನಕ ಬಂದು ಹೇಳಿದ್ರು. ನನಗ ತೋಳು ಎತ್ತಾಕ ಬರತಿರಲಿಲ್ಲ, ಕೆಲಸಕ್ಕ ಕೈ ಬೇಕಾಗಿತ್ತು. ನಾವ ಕಳಿಸಲಿಲ್ಲ.”

ಮಧುಮತಿ ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದರು. ಚಿದಾನಂದರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ದೊಡ್ಡವರು ಸಮಾಧಾನಕ್ಕ ಹಂಗ ಹೇಳ್ತಾರ. ಓಡಿ ಬಂದಾಕಿ ಹುಡುಗಿ. ಆಕಿ ಹೇಳಲಿ.”

“ಆಕಿ ಬಾಯಿ ತಗದದ್ದು ಈ ಓಣ್ಯಾಗ ಯಾರ ಕೇಳ್ಯಾರ? ಕೇಳಾಕ ನೀವು ಅಂಜತೀರಿ, ಹೇಳಾಕ ಆಕಿ ಅಂಜತಾಳ. ಶುಕ್ರವಾರ ಮುಧೋಳಕ್ಕ ಹೊಂಟೀವಿ, ಮಗಳ ಮನಿಗೆ. ಮತ್ತ ಈ ಕಡೆ ಯಾವಾಗ ಬರತೀವೋ.”

“ಹೂಂ” ಅಂದರು ಚಿದಾನಂದರು. ಹಾಸಿಗೆಗಳನ್ನು ಗಂಟು ಕಟ್ಟುತ್ತ ಕುಳಿತರು.

ಈ ಮಾತನ್ನು ಮಧುಮತಿಯವರೇ ಬಂದು ನಮ್ಮವ್ವನ ಮುಂದೆ ಹೇಳಿ ಹೋದರು. ನಾನು ನೂಲು ಸುತ್ತುತ್ತಲೇ ಕೇಳಿದೆ.

ಬಸ್ ನಿಂತಿದ್ದರೆ ಅಂದು ಪರೀಕ್ಷೆ ಬರೆಯುತ್ತಿದ್ದೆ, ಅದು ಖರೆ. ನಾನು ಶಾಲೆ ಬಿಟ್ಟದ್ದು ಬಸ್ಸಿನಿಂದ ಅಲ್ಲ, ಅದೂ ಖರೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನೇ ಹೇಳಿದರೆ ಅವರು ನಂಬುವುದಿಲ್ಲ. ಅಷ್ಟು ವರ್ಷ ಜನರ ಮುಖ ನೋಡಿ ಟಿಕೆಟ್ ಹರಿದವರು.

ನಾಳೆ ಗುರುವಾರ. ಮುಂಜಾನೆಯ ಕಂಡಿಕೆ ಮುಗಿಸಿ ನಾನು ಅವರ ಮನೆಗೆ ಹೋಗಿ, ಎರಡೂ ಮಾತನ್ನು ಹೇಳುತ್ತೇನೆ.