ಗೋಡೆಗೂಡಿನ ಒಣ ಹೂ

“ಹೂ ಮುಚ್ಚಿಕೊಂಡಿದೆ, ಸರೋಜಾ ಬಂದು ಹೋಗಿದ್ದಾಳೆ, ಇವತ್ತು ಮನೆಯಿಂದ ಯಾರೂ ಪ್ರಯಾಣ ಹೊರಡಕೂಡದು.” ಕೊಯಮತ್ತೂರಿನ ಆಚೆಯ ನೇಕಾರರ ಊರು ನೆಗಮಂನಲ್ಲಿರುವ ನನ್ನ ತಂಗಿ ನಂಜಮ್ಮನ ಮನೆಯಲ್ಲಿ ವರ್ಷಗಳಿಂದ ಪ್ರಚಲಿತವಾಗಿರುವ ಸಿದ್ಧಾಂತವಿದು. ಸರೋಜಾ ನಂಜಮ್ಮನ ಮಗಳು. ಜ್ವರದಲ್ಲಿ ತೀರಿಕೊಂಡು ಬಹುಕಾಲವಾಯಿತು. ಹೂವೆಂದರೆ ಅವಳು ಊಟಿಯಿಂದ ಸಸಿ ತಂದು, ಹಿತ್ತಿಲ ಕುಂಡದಲ್ಲಿ ಹಟ ಹಿಡಿದು ಅರಳಿಸಿ, ತಾನು ಸೀರೆ ನೇಯುತ್ತಿದ್ದ ಕೋಣೆಯ ಗೋಡೆಗೂಡಿನಲ್ಲಿಟ್ಟ ಒಂದೇ ಒಂದು ಹಳದಿ ಹೂ. ಗಿಡದಲ್ಲಿರುವಾಗಲೇ ಒಣಗಿದಂತಿದ್ದು, ಮುಟ್ಟಿದರೆ ಈರುಳ್ಳಿ ಸಿಪ್ಪೆಯಂತೆ ಸದ್ದುಮಾಡುವ ಜಾತಿ. ಇಟ್ಟವಳು ಹೋದಳು, ಹಳದಿ ಹೋಗಲಿಲ್ಲ. ಮಳೆಗಾಲದಲ್ಲಿ ಅದು ಸದಾ ಮುಚ್ಚಿಕೊಂಡೇ ಇರುವುದರಿಂದ, ಆಗ ಸರೋಜಾ ಮನೆಯಲ್ಲೇ ವಾಸವಾಗಿರುತ್ತಾಳೆಂದೂ ಬೇಸಿಗೆಯಲ್ಲಿ ಬಂದು ಹೋಗುತ್ತಾಳೆಂದೂ ಉಪಸಿದ್ಧಾಂತವಿದೆ.

ಓದುಗ ಮಿತ್ರರೇ, ನಾನಿದನ್ನು ನಂಬಿದವನಲ್ಲ. ನಂಬದಿರುವುದು ನನಗೆ ಅಭ್ಯಾಸವೇ ಹೊರತು ಸಾಧನೆಯಲ್ಲ. ಕೊಯಮತ್ತೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತ ತಲೆ ನರೆಸಿಕೊಂಡ ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಮನೆಮಾತಾದ ಕನ್ನಡದ ಅಕ್ಷರಗಳನ್ನು ನಡುವಯಸ್ಸಿನಲ್ಲಿ, ಮೈಸೂರು ಕಡೆಯ ಬಸ್ಸುಗಳ ಬೋರ್ಡಿನಿಂದ ಆರಂಭಿಸಿ, ಸ್ವಂತ ಬಲದಿಂದ ಕೂಡಿಸಿಕೊಂಡೆ. ಹಾಗೆ ಕಲಿತವನಿಗೆ, ಗುರುವಿಲ್ಲದ ಕಾರಣ, ಯಾರ ಮಾತನ್ನೂ ಒಪ್ಪದ ದುರ್ಗುಣ ಅಂಟಿಕೊಳ್ಳುತ್ತದೆ. ನನ್ನ ಹೆಂಡತಿಯ ಪ್ರಕಾರ ನಾನು ಗಡಿಯಾರ ನೋಡಿ ಹೊತ್ತು ತಿಳಿಯುವುದಿಲ್ಲ. ಗಡಿಯಾರ ಸರಿಯಿದೆಯೇ ಎಂದು ವಿಚಾರಣೆ ನಡೆಸುತ್ತೇನೆ.

ಈ ಸಲದ ಮಾಸಿಯಲ್ಲಿ, ಅಂದರೆ ಬೇಸಿಗೆ ಕಾಲಿಡುವ ತಮಿಳು ತಿಂಗಳಲ್ಲಿ, ನನ್ನನ್ನು ನೆಗಮಂಗೆ ಕರೆಸಿಕೊಂಡವಳು ಸರೋಜಳ ಮಗಳು ಗಾಯತ್ರಿ. ಅಜ್ಜಿಯ ಆಸರೆಯಲ್ಲಿ ಬೆಳೆದ ಈ ಹುಡುಗಿಗೆ ಹೂ ಒಣಗಿಸಿ, ಒತ್ತಿ, ಉಡುಗೊರೆಯ ಕಾರ್ಡು, ಚೌಕಟ್ಟುಗಳನ್ನು ಮಾಡುವ ಹುಚ್ಚು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹೂವಿಟ್ಟು, ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ರುಬ್ಬುವ ಗುಂಡು ಹೇರುತ್ತಾಳೆ. ದಾಸವಾಳ ಕಾಗದಕ್ಕೆಲ್ಲ ಕಲೆ ಹತ್ತಿಸಿ ತಾನು ಕಪ್ಪಾಗುತ್ತದೆ. ಶಂಖಪುಷ್ಪ ಮಾತ್ರ ನೀಲಿಯನ್ನು ಬಿಟ್ಟುಕೊಡದೆ ತೆಳ್ಳಗೆ ಮಲಗುತ್ತದೆ. ಅವಳು ಹಾಳೆಯನ್ನು ಮೆಲ್ಲನೆ ಸರಿಸುವಾಗ, ಕೊನೆಯ ಸಲ ಮುಖ ನೋಡಲೆಂದು ಯಾರೋ ಬಟ್ಟೆ ಸರಿಸಿದಂತೆ ನನಗೆ ಕಸಿವಿಸಿಯಾಗುತ್ತದೆ. ಅಂಚು, ನರ, ಬಣ್ಣ ಎಲ್ಲವೂ ಅಲ್ಲೇ ಇವೆ, ಹೋದದ್ದು ಬರಿಯ ನೀರು. ಅಷ್ಟಕ್ಕೇ ನಾವು ಅದನ್ನು ಸತ್ತದ್ದೆನ್ನುತ್ತೇವೆ.

ಮೆಟ್ಟುಪಾಳ್ಯಂನಲ್ಲಿ ಇದೇ ಕಸುಬು ನಡೆಸುವ ಹೆಂಗಸೊಬ್ಬಳು ಗಾಯತ್ರಿಗೆ ಕೆಲಸವನ್ನೂ ಇರಲು ಕೋಣೆಯನ್ನೂ ಕೊಡಲು ಮುಂದಾಗಿದ್ದಳು. ಎರಡು ಸಲ ಗಾಯತ್ರಿ ಚೀಲ ಕಟ್ಟಿದಳು; ಎರಡು ಸಲವೂ ಹೂ ಮುಚ್ಚಿಕೊಂಡಿತು; ಎರಡು ಸಲವೂ ನಂಜಮ್ಮ ಚೀಲ ಬಿಚ್ಚಿದಳು. ಮೂರನೆಯ ಸಲವೂ ಬಾರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುವುದಾಗಿ ಆ ಹೆಂಗಸು ತಿಳಿಸಿದ್ದಳು. “ತಾತಾ, ಊರಲ್ಲಿರೋರ ಹತ್ರ ಎಲ್ಲಾ ಜಗಳ ಆಡ್ತೀರಲ್ಲ, ಈ ಹೂವಿನ ಹತ್ರ ಒಂದ್ಸಲ ಆಡಿ,” ಎಂದು ಗಾಯತ್ರಿ ಫೋನಿನಲ್ಲಿ ಕೆಣಕಿದ್ದಕ್ಕೇ ನಾನು ಬಸ್ಸು ಹತ್ತಿದ್ದು.

ನಾನು ಹೂವನ್ನು ಜಗಲಿಗೆ ತಂದು, ಅರಳಿಕೊಂಡ ಮೇಲೆ ಗಾಜಿನ ಡಬ್ಬಿಗಿಳಿಸಿ, ಜೊತೆಗೊಂದು ಒದ್ದೆ ಬಟ್ಟೆಯಿಟ್ಟು ಮುಚ್ಚಳ ಹಾಕಿದೆ. ಮಧ್ಯಾಹ್ನದ ಊಟ, ನಿದ್ದೆ ಮುಗಿಸಿ ಬಂದು ನೋಡುವಷ್ಟರಲ್ಲಿ ದಳಗಳೆಲ್ಲ ಮುಷ್ಟಿ ಕಟ್ಟುವ ಬೆರಳುಗಳಂತೆ ಒಳಕ್ಕೆ ಬಾಗಿದ್ದವು. ಮುಚ್ಚಳ ತೆಗೆದು ಬಿಸಿಲಿಗಿಟ್ಟೆ, ಮತ್ತೆ ಅರಳಿತು. ತೇವ ಹೀರಿದರೆ ಮಡಿಚಿಕೊಳ್ಳುವುದು, ಒಣಗಿದರೆ ಬಿಚ್ಚಿಕೊಳ್ಳುವುದು ಈ ದಳಗಳ ಗುಣ; ಮೋಟಾರಿನ ಸುರುಳಿಯೂ ತೇವ ಹೀರುತ್ತದೆ, ಅದಕ್ಕಾಗಿ ಯಾರೂ ಪ್ರಯಾಣ ನಿಲ್ಲಿಸುವುದಿಲ್ಲ ಎಂದು ಉಪನ್ಯಾಸ ಕೊಟ್ಟೆ.

ನಂಜಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. “ಸರಿ ಅಣ್ಣ, ಇವತ್ತು ಬಟ್ಟೆ ಒದ್ದೆ ಮಾಡಿದ್ದು ನೀನು. ಹೊರಗಡೆ ತುಟಿ ಒಡೆಯೋ ಅಂಥ ಒಣಗಾಳಿ. ಇವಳು ಹೊರಡೋ ದಿನ ಅಲ್ಲಿ ಒದ್ದೆ ಬಟ್ಟೆ ಇಟ್ಟೋರು ಯಾರು?”

“ಇದಕ್ಕೇನು ಹೇಳ್ತೀರಿ ತಾತಾ,” ಎಂದಳು ಗಾಯತ್ರಿ.

ಸಂಜೆ ಆ ಕೋಣೆಗೆ ಹೋದೆ. ಕಿಟಕಿಯಿಲ್ಲದ ಕೋಣೆ, ಮಗ್ಗವನ್ನು ಬಿಚ್ಚಿ ಎಂದೋ ಮಾರಿದ್ದಾರೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಳಿಗೆ ಹಲಗೆ ಮುಚ್ಚಿದ್ದಾರೆ. ಗುಳಿಯ ನೇರ ಮೇಲಿನ ಗೂಡಿನಲ್ಲಿ, ಪೂರ್ತಿ ಅರಳಿದ್ದ ಹೂವನ್ನಿಟ್ಟು ಬಾಗಿಲೆಳೆದುಕೊಂಡೆ.

ಬೆಳಗ್ಗೆ ಚೀಲ ಹಿಡಿದ ಗಾಯತ್ರಿಯೊಡನೆ ಬಾಗಿಲು ತೆರೆದಾಗ ಹೂ ಮೊಗ್ಗಿನಂತೆ ಬಿಗಿದುಕೊಂಡಿತ್ತು. ಗಾಯತ್ರಿ ಅಲ್ಲೇ ಕುಳಿತು ಚೀಲದ ಗಂಟು ಬಿಚ್ಚತೊಡಗಿದಳು. ಆಗಲೇ ನನಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದದ್ದು. ಹಲಗೆ ಎತ್ತಿದೆ. ಗುಳಿಯ ಮಣ್ಣು ಕಪ್ಪಗೆ, ನೀರು ಕುಡಿದು ಮಿನುಗುತ್ತಿತ್ತು.

ಬಾಗಿಲಲ್ಲಿ ನಂಜಮ್ಮ ಬಂದು ನಿಂತಿದ್ದಳು. ಸೀರೆಯಂಚು ಒದ್ದೆಯಾಗಿತ್ತು.

“ಇಲ್ಲಿಗೆ ನೀರು ಹೊಯ್ದದ್ದು ನೀನಾ, ನಂಜೀ?”

“ಮತ್ತೆ ಇನ್ಯಾರು?” ನೇಕಾರರ ಮನೆಯಲ್ಲಿ ಹುಟ್ಟಿ ಇಷ್ಟೂ ತಿಳಿಯದವನೇ ಎಂಬಂತೆ ನನ್ನನ್ನು ನೋಡಿದಳು. “ಗಾಳಿ ಹೆಂಗಿದೆ ನೋಡಿದ್ಯಾ? ಗುಳಿ ಒಣಗಿದ್ರೆ ನೂಲು ಪಟಪಟಾಂತ ಕಡಿದುಹೋಗುತ್ತೆ. ಆಮೇಲೆ ಅವಳಿಗೆ ಕೋಪ ಬಂದ್ರೆ ಊಟ ಮಾಡಲ್ಲ.”

ಎಲ್ಲವೂ ತಿಳಿಯಾಯಿತು. ಒಣಗಾಳಿ ಬೀಸುವ ದಿನವೆಲ್ಲ, ಮನೆಯವರು ಏಳುವ ಮೊದಲೇ, ನಂಜಮ್ಮ ಮಗಳ ಗುಳಿಗೆ ನೀರು ಹೊಯ್ಯುತ್ತಾಳೆ, ಮುಚ್ಚಿದ ಕೋಣೆ ತೇವವಾಗುತ್ತದೆ, ಹೂ ಮಡಿಚಿಕೊಳ್ಳುತ್ತದೆ. ಉಳಿದವರು ಇಣುಕಿ ನೋಡುವುದು ಯಾರಾದರೂ ಪ್ರಯಾಣ ಹೊರಟ ದಿನ ಮಾತ್ರ. ನನ್ನ ವಾದ ಅಕ್ಷರಶಃ ಗೆದ್ದಿತ್ತು. ಆದರೆ ತೀರಿಕೊಂಡ ಮಗಳ ಬಗ್ಗೆ ನಂಜಮ್ಮ ಮಾತಾಡಿದ್ದು ವರ್ತಮಾನಕಾಲದಲ್ಲಿ.

ಗಾಯತ್ರಿ ಬಿಚ್ಚುತ್ತಿದ್ದ ಗಂಟನ್ನು ಹಾಗೇ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು: “ಅಜ್ಜೀ, ಅಮ್ಮ ಈಗ ಎಲ್ಲಿದ್ದಾಳೆ?”

“ಎಲ್ಲಿರ್ತಾಳೆ, ಮಗ್ಗದಲ್ಲಿ. ಕೂತ್ರೆ ಸಾಯಂಕಾಲದವರೆಗೂ ತಲೆ ಎತ್ತಲ್ಲ.”

“ಹಂಗಾದ್ರೆ ನಾನು ಹೊರಟ್ರೂ ಅವಳಿಗೆ ಗೊತ್ತಾಗಲ್ಲ.”

ನಂಜಮ್ಮ ಇದನ್ನು ಗೃಹಕೃತ್ಯದ ಒಂದು ಪ್ರಶ್ನೆಯೆಂಬಂತೆ ತೂಗಿ ನೋಡಿದಳು. ಬರಿದಾದ ಗುಳಿಯ ಕಡೆಗೊಮ್ಮೆ, ಮೊಮ್ಮಗಳ ಕಡೆಗೊಮ್ಮೆ ಕಣ್ಣು ಹಾಯಿಸಿ, “ಸದ್ದು ಮಾಡ್ದೆ ಹೋಗು,” ಎಂದಳು.

ಗಾಯತ್ರಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬೀದಿಯವರೆಗೂ ನಡೆದಳು. ಅವಳ ಹಿಂದೆ, ಯಾವ ಕಥೆಯನ್ನೂ ನಂಬದ ನಾನೂ ತುದಿಗಾಲಿನಲ್ಲಿ ನಡೆದೆ.

ಅವಳೀಗ ಮೆಟ್ಟುಪಾಳ್ಯಂನಲ್ಲಿದ್ದಾಳೆ, ಕೆಲಸ ಹಿಡಿಸಿದೆಯಂತೆ. ನನ್ನ ಮಾತಿನಲ್ಲಿ ಸಂಶಯವುಳ್ಳವರು, ಸಂಶಯ ಇರಬೇಕಾದದ್ದೇ, ಒಣಗಾಳಿಯ ದಿನ ನೆಗಮಂಗೆ ಹೋಗಿ ಪರೀಕ್ಷಿಸಬಹುದು. ನಂಜಮ್ಮ ಕಾಫಿ ಕೊಟ್ಟು ಕೋಣೆ ತೋರಿಸುತ್ತಾಳೆ. ಹಲಗೆ ಸರಿಸಿ ಮಣ್ಣಿಗೆ ಕೈಯಿಡಿ; ಒದ್ದೆಯಾಗಿರುತ್ತದೆ. ನೇಯುವವರ ಪಾದ ಊರುವ ಕಡೆ ಎರಡು ತಗ್ಗುಗಳಿವೆ. ಅವು ನೀರು ಬಿದ್ದು ಆದವೆಂಬುದು ನನ್ನ ವಾದ. ನಂಜಮ್ಮ ಒಪ್ಪುವುದಿಲ್ಲ.